ಗಾಡಿ ಓಡಿಸಬಹುದು, ಮೈಕ್ ಹಿಡಿಯೋ ಹಾಗಿಲ್ಲ!

ನಿಮ್ಮ ಹಳೇ ವ್ಯಾನಿನ ಬಗ್ಗೆ ಬರೀರಿ ಅಂತ ಸುಮಾರು ಜನ ಕೇಳ್ತಾನೇ ಇದ್ದರು. ಇಲ್ಲಿಯ ಕನ್ನಡ ಗೆಳೆಯರಿಗಂತೂ ಅದೊಂದು ತಮಾಷೆಯ ವಸ್ತು. ಸ್ಟುಟ್‌ಗಾರ್ಟಿನಂಥ ಕಾರುಗಳ ಊರಿನ ಪಕ್ಕದಲ್ಲೇ ಮನೆ ಮಾಡಿಕೊಂಡು ಇವನ್ಯಾಕೆ 1988ರ ಡಬ್ಬಾ ಇಟ್ಕೊಂಡಿದ್ದಾನೆ ಅಂತ. ನಿಂತ ಕಡೆಯಲ್ಲೆಲ್ಲ ಅದರ ಪಕ್ಕ ಉದ್ದದ ಗಾಳದ ಕೋಲು ಬೇರೆ ನೆಡ್ತಾನೆ, ಮೀನು ಮಾತ್ರ ಹಿಡಿಯಲ್ಲ :-) ಸರಿ, ವ್ಯಾನಿನ ಬಗ್ಗೆಯೂ ಬರೀತೀನಿ. ಆದರೆ ಇವತ್ತು ನಿಜವಾಗಿ ಹೇಳಬೇಕಾಗಿರೋದು 2025ರ ಜೂನ್‌ನಿಂದ ನನ್ನ ತಲೆ ಕೊರೀತಾ ಇರೋ ಒಂದು ವಿಷಯ. ಭಾರತದ ಹ್ಯಾಮ್ ರೇಡಿಯೋ ಲೈಸೆನ್ಸು ಯುರೋಪಿನ ಗಡಿಗಳಲ್ಲಿ ಯಾಕೆ ನಡೆಯಲ್ಲ, ಅದನ್ನ ನಡೆಯೋ ಹಾಗೆ ಮಾಡೋಕೆ ನಮ್ಮವರು ಯಾಕೆ ಮನಸ್ಸು ಮಾಡಬೇಕು ಅನ್ನೋದು.

ಮೊದಲು ಗಾಡಿ. ಫೋಕ್ಸ್‌ವ್ಯಾಗನ್ ಟಿ3. ಒಳಗೆ ಮಂಚ, ಎರಡು ಒಲೆ, ಪುಟ್ಟ ಸಿಂಕು. ಮೇಲೆ ಎತ್ತಿದರೆ ತೆರೆದುಕೊಳ್ಳೋ ಛಾವಣಿ. ಎಂಜಿನ್ ಹಿಂದೆ, ಮಂಚದ ಕೆಳಗೆ. 1.7 ಲೀಟರಿನ ಡೀಸೆಲ್ಲು, ಬರೀ 57 ಕುದುರೆ ಶಕ್ತಿ. ನಮ್ಮ ಮಾರುತಿ 800ಕ್ಕಿಂತ ಚೂರು ಜಾಸ್ತಿ ಅಷ್ಟೇ, ಎಳೆಯಬೇಕಾದ ಭಾರ ಮಾತ್ರ ಎರಡು ಟನ್ನಿನ ಹತ್ತಿರ. ಆಲ್ಪ್ಸ್ ಬೆಟ್ಟ ಹತ್ತುವಾಗ ಸೆಕೆಂಡ್ ಗೇರಿನಲ್ಲಿ ಹೋಗ್ತಾ ಇದ್ದರೆ ಸೈಕಲ್ಲಿನವರು ಕೈ ಬೀಸಿ ಮುಂದೆ ಹೋಗ್ತಾರೆ. 2008ರಿಂದ ಇಲ್ಲಿನ ದೊಡ್ಡ ಊರುಗಳಲ್ಲಿ ಹೊಗೆ ಕಡಿಮೆ ಇರೋ ಗಾಡಿಗಳಿಗೆ ಮಾತ್ರ ಪ್ರವೇಶ, ಹಸಿರು ಸ್ಟಿಕ್ಕರ್ ಬೇಕು ಅಂತೆಲ್ಲ ನಿಯಮ ಬಂತು. ಆದರೆ ಮೂವತ್ತು ವರ್ಷ ದಾಟಿ, ಮೂಲ ಸ್ಥಿತಿಯಲ್ಲೇ ಚೆನ್ನಾಗಿ ಇಟ್ಟುಕೊಂಡಿರೋ ಗಾಡಿಗೆ ನಂಬರ್ ಪ್ಲೇಟಿನ ಕೊನೆಗೆ ಒಂದು 'ಎಚ್' ಅಕ್ಷರ ಕೊಡ್ತಾರೆ. ಅದಿದ್ದರೆ ಸ್ಟಿಕ್ಕರ್ ಇಲ್ಲದೆಯೂ ಒಳಗೆ ಬಿಡ್ತಾರೆ. ಅಂದರೆ ಗಾಡಿಗೂ ಒಂಥರಾ ಹಿರಿಯ ನಾಗರಿಕರ ರಿಯಾಯಿತಿ.

ಹಳೇ ಡೀಸೆಲ್ ಗಾಡಿಯೇ ಯಾಕೆ ಅಂದರೆ, ರೇಡಿಯೋ ಹುಚ್ಚಿನವರಿಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಪೆಟ್ರೋಲ್ ಗಾಡಿಯ ಸ್ಪಾರ್ಕ್ ಪ್ಲಗ್ಗು ಪ್ರತಿ ಕಿಡಿಗೂ ರೇಡಿಯೋದಲ್ಲಿ ಟಕಟಕ ಅನ್ನಿಸುತ್ತೆ. ಡೀಸೆಲ್ಲಿನಲ್ಲಿ ಪ್ಲಗ್ಗಿನ ಕಿಡಿಯೇ ಇಲ್ಲ. ಹೊಸ ಗಾಡಿಗಳಲ್ಲಿ ಹತ್ತಾರು ಪುಟ್ಟ ಕಂಪ್ಯೂಟರುಗಳು, ಇನ್ವರ್ಟರು, ಎಲ್ಇಡಿ... ಒಂದೊಂದೂ ಒಂದೊಂದು ಥರ ಗರಗರ. ನನ್ನ ಡಬ್ಬಾದಲ್ಲಿ ಕೀ ತಿರುಗಿಸಿ ಆಫ್ ಮಾಡಿದರೆ ಮುಗೀತು, ಸಂಪೂರ್ಣ ನಿಶ್ಶಬ್ದ. ಮನೆಯಲ್ಲಿ ಇದು ಸಾಧ್ಯವೇ ಇಲ್ಲ. ಬಾಡಿಗೆ ಮನೆ, ಮೂರನೇ ಮಹಡಿ, ಆಂಟೆನಾ ಕಟ್ಟೋಕೆ ಜಾಗವಿಲ್ಲ. ಸುತ್ತಮುತ್ತ ಎಲ್ಲರ ಚಾರ್ಜರು, ಸೋಲಾರ್ ಇನ್ವರ್ಟರಿನ ಗಲಾಟೆ. ನಗರದಲ್ಲಿರೋ ಹ್ಯಾಮ್‌ಗಳು ವ್ಯಾನ್ ಹತ್ತಿ ಬೆಟ್ಟಕ್ಕೆ ಓಡೋದು ಬರೀ ಶೋಕಿಗಲ್ಲ. ಕಿವಿ ಕೇಳಿಸಬೇಕು ಅಂತ.

ಹ್ಯಾಮ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹವ್ಯಾಸಿ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡು, ನಮಗೆ ಅಂತ ಬಿಟ್ಟುಕೊಟ್ಟಿರೋ ತರಂಗಗಳಲ್ಲಿ ಬೇರೆ ಹವ್ಯಾಸಿಗಳ ಜೊತೆ ನೇರವಾಗಿ ಮಾತಾಡೋದು. ಮಧ್ಯದಲ್ಲಿ ಟವರಿಲ್ಲ, ಕಂಪನಿಯಿಲ್ಲ, ಬಿಲ್ಲಿಲ್ಲ. ಪ್ರತಿಯೊಬ್ಬರಿಗೂ ಒಂದು ಕಾಲ್ ಸೈನ್ ಇರುತ್ತೆ, ಅದರ ಮೊದಲ ಅಕ್ಷರಗಳಲ್ಲೇ ದೇಶ ಗೊತ್ತಾಗುತ್ತೆ. ನಮ್ಮ ದೇಶದ್ದು ವಿಯು, ಜರ್ಮನಿಯದ್ದು ಡಿಎಲ್ ಮುಂತಾದವು. ನನ್ನ ವ್ಯಾನಿನಲ್ಲಿರೋದು 100 ವಾಟಿನ ಒಂದು ಹಳೇ ಸೆಟ್ಟು. ಮಾತಾಡುವಾಗ 20 ಆಂಪಿಯರ್ ಎಳೆಯುತ್ತೆ, ಕೇಳುವಾಗ ಒಂದು ಆಂಪಿಯರಿನ ಆಸುಪಾಸು. ಸೀಟಿನ ಕೆಳಗೆ ಅದಕ್ಕೆ ಅಂತಲೇ ಬೇರೆ ಬ್ಯಾಟರಿ ಇದೆ. ಆಂಟೆನಾ ಅಂದರೆ ಆ ಗಾಳದ ಕೋಲೇ. ಫೈಬರ್ ಗ್ಲಾಸಿನದ್ದು, ಎಳೆದರೆ ಹತ್ತು ಮೀಟರ್ ಆಗುತ್ತೆ. ಕೋಲಿನ ಬುಡಕ್ಕೆ ಒಂದು ಕಬ್ಬಿಣದ ಹಲಗೆ, ಆ ಹಲಗೆಯ ಮೇಲೆ ವ್ಯಾನಿನ ಚಕ್ರ ಹತ್ತಿಸಿಬಿಟ್ಟರೆ ಗಾಳಿಗೂ ಜಗ್ಗಲ್ಲ. ಕೋಲಿನ ಉದ್ದಕ್ಕೂ ಐದು ಮೀಟರ್ ತಂತಿ, ನೆಲದ ಮೇಲೆ ನಾಲ್ಕು ತಂತಿ. ಅಷ್ಟೇ. 14 ಮೆಗಾಹರ್ಟ್ಸ್‌ನಲ್ಲಿ ಸಂಜೆ ಹೊತ್ತು ಬೆಂಗಳೂರು ಸಿಗೋಕೆ ಇಷ್ಟು ಸಾಕು, ಏಳು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ.

ಈಗ ಗಡಿಗಳ ವಿಷಯಕ್ಕೆ ಬರ್ತೀನಿ. ಯುರೋಪಿನ ಅಂಚೆ ಮತ್ತು ದೂರಸಂಪರ್ಕ ಆಡಳಿತಗಳ ಒಂದು ಒಕ್ಕೂಟ ಇದೆ, ಸಿಇಪಿಟಿ ಅಂತ. ಅವರು 1985ರಲ್ಲಿ ಟಿ/ಆರ್ 61-01 ಅನ್ನೋ ಒಂದು ಶಿಫಾರಸು ಮಾಡಿದರು. ಹೆಸರು ಸರ್ಕಾರಿ ಫೈಲಿನ ಹಾಗಿದೆ, ಒಳಗಿರೋ ವಿಷಯ ಬಂಗಾರ. ಸದಸ್ಯ ದೇಶದ ಪೂರ್ಣ ದರ್ಜೆಯ ಲೈಸೆನ್ಸ್ ಇದ್ದರೆ, ಬೇರೆ ಸದಸ್ಯ ದೇಶಕ್ಕೆ ಸ್ವಲ್ಪ ದಿನಕ್ಕೆ ಹೋದಾಗ, ಸಾಮಾನ್ಯವಾಗಿ ಮೂರು ತಿಂಗಳವರೆಗೆ, ಅರ್ಜಿ ಇಲ್ಲ, ಶುಲ್ಕ ಇಲ್ಲ, ರೇಡಿಯೋ ಆನ್ ಮಾಡಿ ಮಾತಾಡಬಹುದು. ಆ ದೇಶದ ಅಕ್ಷರಗಳನ್ನ ನಮ್ಮ ಕಾಲ್ ಸೈನ್ ಮುಂದೆ ಸೇರಿಸಿಕೊಳ್ಳಬೇಕು, ಅಲ್ಲಿಯ ನಿಯಮ ಪಾಲಿಸಬೇಕು, ಲೈಸೆನ್ಸಿನ ಕಾಗದ ಜೊತೆಯಲ್ಲಿರಬೇಕು. ಮುಗೀತು.

ಇದರ ಮಜಾ ಗೊತ್ತಾಗಬೇಕಾದರೆ ಬೋಡನ್ ಸರೋವರದ ಕಡೆ ಬರಬೇಕು. ಸರೋವರದ ಈ ದಂಡೆಯಲ್ಲಿ ಜರ್ಮನಿಯ ಫ್ರೀಡ್ರಿಕ್ಸ್‌ಹಾಫನ್, ಜೆಪ್ಪೆಲಿನ್ ಆಕಾಶನೌಕೆಗಳ ಊರು. ಅಲ್ಲಿಂದ ಬ್ರೆಗೆನ್ಸ್ ದಾಟಿದರೆ ಆಸ್ಟ್ರಿಯಾ. ಹೋಹೆನೆಮ್ಸ್‌ವರೆಗೆ ಹೆದ್ದಾರಿಗೆ ಟೋಲ್ ಚೀಟಿ ಬೇಡ (2019ರ ಡಿಸೆಂಬರಿನಿಂದ ಆ ತುಂಡಿಗೆ ವಿನಾಯಿತಿ, ನನ್ನಂಥ ಜುಗ್ಗರು ಇದನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿರ್ತಾರೆ). ಆಮೇಲೆ ಊರುಗಳ ಒಳಗಿನ ರಸ್ತೆ ಹಿಡಿದು ಫೆಲ್ಡ್‌ಕಿರ್ಶ್, ಅಲ್ಲಿಂದ ಲಿಖ್ಟನ್‌ಸ್ಟೈನ್. ಇಡೀ ದೇಶ 160 ಚದರ ಕಿಲೋಮೀಟರು, ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ಅದರ ಪಕ್ಕದಲ್ಲೇ ರೈನ್ ನದಿ, ನದಿ ದಾಟಿದರೆ ಸ್ವಿಟ್ಜರ್ಲೆಂಡ್. ಬೆಳಿಗ್ಗೆ ನನ್ನ ಕಾಲ್ ಸೈನ್ ಇದ್ದಂಗೇ ಇರುತ್ತೆ, ಹತ್ತು ಗಂಟೆಗೆ ಮುಂದೆ ಒಇ ಸೇರುತ್ತೆ, ಊಟದ ಹೊತ್ತಿಗೆ ಎಚ್‌ಬಿ0, ಸಂಜೆ ಟೀ ಹೊತ್ತಿಗೆ ಎಚ್‌ಬಿ9. ಒಂದೇ ದಿನ, ನಾಲ್ಕು ದೇಶ, ಒಂದು ಹಾಳೆ ಕಾಗದ. ಒಂದು ಸಲ ಲಿಖ್ಟನ್‌ಸ್ಟೈನ್ ಗಡಿಯಲ್ಲಿ ಕಾವಲಿನವನು ರೇಡಿಯೋ ನೋಡಿ ಏನಿದು ಅಂದ. ಲೈಸೆನ್ಸ್ ತೋರಿಸಿದೆ. ಅದರಲ್ಲಿ ಟಿ/ಆರ್ 61-01ರ ಒಕ್ಕಣೆ ಜರ್ಮನ್, ಇಂಗ್ಲಿಷ್, ಫ್ರೆಂಚ್ ಮೂರು ಭಾಷೆಯಲ್ಲೂ ಇರುತ್ತೆ. ಒಂದು ಸಾಲು ಓದಿದ, ಆಮೇಲೆ ವ್ಯಾನ್ ಎಷ್ಟನೇ ಇಸವಿಯದ್ದು ಅಂತ ಕೇಳಿ ಕಳಿಸಿಕೊಟ್ಟ.

2025ರ ಜೂನ್ ಕೊನೆಯಲ್ಲಿ ನನ್ನ ಸೋದರಮಾವ ಮೈಸೂರಿನಿಂದ ಬಂದಿದ್ದರು. ನನಗೆ ಈ ಹುಚ್ಚು ಹಿಡಿಸಿದವರೇ ಅವರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವರ ಮನೆಯ ಅಟ್ಟದಲ್ಲಿ ಕೂತು ಮೋರ್ಸ್ ಕಲಿತದ್ದು. ಅವರದ್ದು ವಿಯು2 ಲೈಸೆನ್ಸು, ನಲವತ್ತು ವರ್ಷ ದಾಟಿದೆ. ಆ ಕಾಲದಲ್ಲಿ ಮೋರ್ಸ್ ಪರೀಕ್ಷೆ ಕಡ್ಡಾಯ, ಪೊಲೀಸರು ಮನೆಗೆ ಬಂದು ವಿಚಾರಿಸಿಕೊಂಡು ಹೋಗಬೇಕು, ಸೆಟ್ಟನ್ನ ಕೈಯಲ್ಲೇ ಜೋಡಿಸಿಕೊಳ್ಳಬೇಕು. ಅವರು ಬಂದದ್ದೇ ಫ್ರೀಡ್ರಿಕ್ಸ್‌ಹಾಫನ್ನಿನ ಹ್ಯಾಮ್ ರೇಡಿಯೋ ಮೇಳ ನೋಡೋಕೆ. ಯುರೋಪಿನಲ್ಲಿ ಹೆಸರಾದ ಮೇಳ ಅದು, ಪ್ರತಿವರ್ಷ ಜೂನ್‌ನಲ್ಲಿ ನಡೆಯುತ್ತೆ. ಪಕ್ಕದ ಮೈದಾನದ ತುಂಬಾ ಕ್ಯಾಂಪರ್ ವ್ಯಾನುಗಳು, ಪ್ರತಿ ವ್ಯಾನಿಗೂ ಒಂದು ಕೋಲು, ದೂರದಿಂದ ನೋಡಿದರೆ ತೆಂಗಿನ ತೋಟಕ್ಕೆ ಸಿಡಿಲು ಹೊಡೆದ ಹಾಗೆ! ಹಳೇ ಸಾಮಾನಿನ ಸಂತೆಯಲ್ಲಿ ಮಾವ ಒಂದು ಇಡೀ ದಿನ ಕಳೆದರು. ತಂದದ್ದು ಒಂದು ಮೋರ್ಸ್ ಕೀಲಿ ಮಾತ್ರ.

ಆ ಮೈದಾನದಲ್ಲಿ ಅವರು ಮಾತಾಡೋಕೆ ಒಂದು ದಾರಿ ಇತ್ತು. ಜರ್ಮನಿಯಲ್ಲಿ 2024ರಲ್ಲಿ ನಿಯಮ ಬದಲಾದ ಮೇಲೆ, ಲೈಸೆನ್ಸ್ ಇರುವವನ ಪಕ್ಕದಲ್ಲಿ ಕೂತು, ಅವನ ಕಾಲ್ ಸೈನಿಗೆ 'ಟ್ರೈನೀ' ಅಂತ ಸೇರಿಸಿಕೊಂಡು ಕಲಿಯುವವರು ಮಾತಾಡಬಹುದು. ಮಕ್ಕಳಿಗೆ, ಹೊಸಬರಿಗೆ ಅಂತ ಮಾಡಿದ ಒಳ್ಳೇ ನಿಯಮ. ಹಾಗಾಗಿ ನನಗೆ ಕಲಿಸಿದ ಗುರುಗಳು, 71ರ ವಯಸ್ಸಿನಲ್ಲಿ, ನನ್ನ ಶಿಷ್ಯನಾಗಿ ಮೈಕ್ ಹಿಡಿದರು. "ಸಾರ್, ಶುರು ಮಾಡ್ಲಾ?" ಅಂತ ನನ್ನನ್ನೇ ಕೇಳಿದರು. ನಕ್ಕೆವು, ಸರಿ.

ಗಡಿ ದಾಟಿದ ಮೇಲೆ ನಗು ಬರಲಿಲ್ಲ. ಶಿಷ್ಯನ ವ್ಯವಸ್ಥೆ ಜರ್ಮನ್ ನಿಯಮ, ಅದು ಗಡಿ ದಾಟಿ ನಮ್ಮ ಜೊತೆ ಬರಲ್ಲ. ಸಿಇಪಿಟಿ ಅನುಮತಿ ಏನಿದ್ದರೂ ಲೈಸೆನ್ಸ್ ಇರುವವನಿಗೆ ಮಾತ್ರ. ಮೇಳ ಮುಗಿಸಿ ಲಿಖ್ಟನ್‌ಸ್ಟೈನಿನ ಮಾಲ್ಬುನ್‌ಗೆ ಹೋದೆವು, 1,600 ಮೀಟರ್ ಎತ್ತರದ ಹಳ್ಳಿ. ದಾರಿಯಲ್ಲಿ ಗಾಡಿ ಓಡಿಸಿದ್ದು ಯಾರು ಅಂದುಕೊಂಡಿರಿ? ಮಾವನೇ! ಮೈಸೂರು ಆರ್‌ಟಿಓದಲ್ಲಿ ಮಾಡಿಸಿದ ಲೈಸೆನ್ಸು, ಜೊತೆಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟು ಇಟ್ಟುಕೊಂಡಿದ್ದರು. ಎಡಗಡೆ ಸ್ಟೀರಿಂಗು, ಬಲಗಡೆ ರಸ್ತೆ, ತಿರುವಿನ ಮೇಲೆ ತಿರುವು, ಕೆಳಗೆ ಪ್ರಪಾತ. ಎರಡು ಟನ್ ಗಾಡಿಯನ್ನ ಚೆನ್ನಾಗಿಯೇ ಹತ್ತಿಸಿದರು. ಅದಕ್ಕೆ ಯಾರ ತಕರಾರೂ ಇಲ್ಲ. ಅಲ್ಲಿ ನಿಲ್ಲಿಸಿ, ಕೋಲು ನೆಟ್ಟು, ರೇಡಿಯೋ ಹಾಕಿದೆವು. ಸಂಜೆ ಆರರ ಸುಮಾರಿಗೆ, ನಮ್ಮಲ್ಲಿ ರಾತ್ರಿ ಒಂಬತ್ತೂವರೆ, 14 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರಿನ ಒಬ್ಬರು ಕೂಗ್ತಾ ಇದ್ದರು. ಮಾವನಿಗೆ ಧ್ವನಿ ಕೇಳಿದ ಕೂಡಲೇ ಗೊತ್ತಾಯ್ತು, ಹಳೇ ಪರಿಚಯ, ಬೆಳಗಿನ ನೆಟ್ಟಿನಲ್ಲಿ ವರ್ಷಗಟ್ಟಲೆ ಮಾತಾಡಿದವರು. ಕೈ ತಾನಾಗೇ ಮೈಕಿನ ಕಡೆ ಹೋಯ್ತು. ಅರ್ಧದಲ್ಲೇ ನಿಲ್ಲಿಸಿ ಮೈಕನ್ನ ನನ್ನ ಕಡೆ ಸರಿಸಿದರು. "ನೀನೇ ಹೇಳಪ್ಪಾ, ನಾನು ಇಲ್ಲಿದ್ದೀನಿ ಅಂತ."

ನಾನು ಹೇಳಿದೆ. ಅವರು ಪಕ್ಕದಲ್ಲಿ ಕೂತು ಲಾಗ್ ಪುಸ್ತಕದಲ್ಲಿ ಸಮಯ ಬರ್ಕೊಂಡರು, ದುಂಡಗಿನ ಅಕ್ಷರದಲ್ಲಿ.

ಎರಡು ಟನ್ ಕಬ್ಬಿಣವನ್ನ ಪರದೇಶದ ಬೆಟ್ಟದಲ್ಲಿ ಓಡಿಸೋಕೆ ನಂಬಿಕೆ ಇದೆ. ತಪ್ಪಿದರೆ ಜನ ಸಾಯ್ತಾರೆ. ಆದರೆ ಐದು ವಾಟಿನಲ್ಲಿ "ನಮಸ್ಕಾರ, ಚೆನ್ನಾಗಿದ್ದೀರಾ" ಅನ್ನೋಕೆ ನಂಬಿಕೆ ಇಲ್ಲ. ಡ್ರೈವಿಂಗಿಗೆ ದೇಶದೇಶಗಳು ಒಪ್ಪಂದ ಮಾಡಿಕೊಂಡಿವೆ, ಭಾರತವೂ ಅದರಲ್ಲಿದೆ. ರೇಡಿಯೋಗೆ ಮಾಡಿಕೊಂಡಿರೋ ಒಪ್ಪಂದದಲ್ಲಿ ಭಾರತ ಇಲ್ಲ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

"ಅದು ಯುರೋಪಿನವರದ್ದು, ನಮಗೆ ಹೇಗೆ ಸಿಗುತ್ತೆ" ಅಂತ ಕೇಳಬಹುದು. ಸಿಗುತ್ತೆ. 1992ರಲ್ಲೇ ಆ ಶಿಫಾರಸನ್ನ ತಿದ್ದಿ ಯುರೋಪಿನ ಹೊರಗಿನ ದೇಶಗಳೂ ಸೇರಬಹುದು ಅಂತ ಮಾಡಿದರು. ಅಮೆರಿಕ 1999ರಲ್ಲಿ ಬಂತು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಇಸ್ರೇಲ್, ಬ್ರೆಜಿಲ್ ಎಲ್ಲ ಒಳಗಿವೆ. ಮಾಡಬೇಕಾದ್ದು ಇಷ್ಟೇ: ದೂರಸಂಪರ್ಕ ಇಲಾಖೆಯವರು ಕೋಪನ್‌ಹೇಗನ್‌ನಲ್ಲಿರೋ ಆ ಒಕ್ಕೂಟದ ಕಚೇರಿಗೆ ಅರ್ಜಿ ಹಾಕಬೇಕು, ನಮ್ಮ ಜನರಲ್ ಗ್ರೇಡ್ ಲೈಸೆನ್ಸು ಅವರ ಪೂರ್ಣ ದರ್ಜೆಗೆ ಸಮ ಅಂತ ತೋರಿಸಿಕೊಡಬೇಕು, ಮತ್ತೆ ಅವರ ಜನ ನಮ್ಮಲ್ಲಿಗೆ ಬಂದಾಗ ಅದೇ ಸೌಲಭ್ಯ ಕೊಡ್ತೀವಿ ಅಂತ ಒಪ್ಪಬೇಕು.

ಕೊನೆಯದ್ದೇ ಕಷ್ಟ, ನನಗೂ ಗೊತ್ತು. ನಮ್ಮಲ್ಲಿ ರೇಡಿಯೋ ಅಂದರೆ ಮೊದಲು ನೆನಪಾಗೋದು ಭದ್ರತೆ. ಉಪಗ್ರಹ ಫೋನನ್ನ ಅನುಮತಿ ಇಲ್ಲದೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡ ವಿದೇಶಿಯರ ಸುದ್ದಿ ಆಗಾಗ ಬರುತ್ತೆ. 2008ರ ಮುಂಬಯಿ ದಾಳಿ ನೋಡಿದ ದೇಶ ಹುಷಾರಾಗಿರೋದು ತಪ್ಪಲ್ಲ. ಆದರೆ ಹ್ಯಾಮ್ ರೇಡಿಯೋ ಅದರ ತದ್ವಿರುದ್ಧ. ಇಲ್ಲಿ ಗುಪ್ತ ಭಾಷೆಯಲ್ಲಿ ಮಾತಾಡೋ ಹಾಗೇ ಇಲ್ಲ. ಆಗಾಗ ನಮ್ಮ ಕಾಲ್ ಸೈನ್ ನಾವೇ ಹೇಳ್ತಾ ಇರಬೇಕು. ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು, ಕೇಳಿಸಿಕೊಳ್ತಾರೆ ಕೂಡ. ಕಳ್ಳತನ ಮಾಡೋನು ಬೀದೀಲಿ ನಿಂತು ಹೆಸರು, ಊರು, ಮನೆ ನಂಬರು ಕೂಗಿಕೊಂಡು ಮಾಡ್ತಾನಾ? ಗಡಿ ಜಿಲ್ಲೆಗಳಿಗೆ ಬೇಡ ಅನ್ನಿ, ದ್ವೀಪಗಳಿಗೆ ಬೇಡ ಅನ್ನಿ, ಸೆಟ್ಟಿನ ಸೀರಿಯಲ್ ನಂಬರನ್ನ ಕಸ್ಟಮ್ಸಿನಲ್ಲಿ ಬರೆಸಿ ಅನ್ನಿ. ತನ್ನ ನೆಲದಲ್ಲಿ ಷರತ್ತು ಹಾಕೋ ಹಕ್ಕು ಪ್ರತಿ ದೇಶಕ್ಕೂ ಇದೆ. ಬಾಗಿಲಿಗೆ ಬೀಗ ಹಾಕೋದು ಬೇರೆ, ಬಾಗಿಲೇ ಇಡದೆ ಗೋಡೆ ಕಟ್ಟೋದು ಬೇರೆ.

ದ್ವೀಪ ಅಂದೆನಲ್ಲ, 2004 ನೆನಪಿದೆಯಾ? ಆ ಡಿಸೆಂಬರಿನಲ್ಲಿ ಭಾರತದ ಹ್ಯಾಮ್‌ಗಳ ಒಂದು ತಂಡ ವಿಶೇಷ ಅನುಮತಿ ತಗೊಂಡು ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಅಂಡಮಾನಿನಿಂದ ಹವ್ಯಾಸಿ ರೇಡಿಯೋ ಕೇಳಿಸಿ ವರ್ಷಗಳೇ ಆಗಿದ್ದವು, ಜಗತ್ತಿನವರೆಲ್ಲ ಸರದಿ ನಿಂತು ಮಾತಾಡ್ತಾ ಇದ್ದರು. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂತು. ಫೋನುಗಳು ಸತ್ತವು. ಆಟಕ್ಕೆ ಅಂತ ಒಯ್ದಿದ್ದ ಅದೇ ಸೆಟ್ಟು, ಅದೇ ತಂತಿ, ದ್ವೀಪದಿಂದ ಸುದ್ದಿ ಹೊರಗೆ ಕಳಿಸೋ ದಾರಿ ಆಯ್ತು. ಅವರು ಅಲ್ಲಿದ್ದದ್ದು ಅನುಮತಿ ಸಿಕ್ಕಿದ್ದರಿಂದ. ಇದನ್ನ ಭದ್ರತೆಯ ಲೆಕ್ಕದಲ್ಲಿ ಯಾವ ಕಡೆ ಬರ್ಕೊಳ್ತೀರಿ?

ಮೇಳದ ಮೈದಾನದಲ್ಲಿ ನಮ್ಮ ಪಕ್ಕ ನಿಂತಿದ್ದ ವ್ಯಾನಿನ ದಂಪತಿ ನಿವೃತ್ತರು, ಭಾರತಕ್ಕೆ ರಸ್ತೆ ದಾರಿಯಲ್ಲೇ ಹೋಗಬೇಕು ಅನ್ನೋ ಆಸೆ. ಇಂಥ ಗಾಡಿಗಳಿಗೆ ಆ ದಾರಿ ಹೊಸದಲ್ಲ. 1960-70ರ ದಶಕದಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್ ಮೇಲೆ ಎಷ್ಟೋ ಫೋಕ್ಸ್‌ವ್ಯಾಗನ್‌ಗಳು ದೆಹಲಿಗೆ, ಗೋವಾಕ್ಕೆ ಬಂದಿವೆ. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ, ಅಲ್ಲಿಗೆ ಆ ದಾರಿ ಮುಚ್ಚಿದ ಹಾಗಾಯ್ತು. ಈಗಿನ ಕಾಲಕ್ಕೆ ಅವರು ವ್ಯಾನಿಗೆ ಕಾರ್ನೆ ಅನ್ನೋ ಕಸ್ಟಮ್ಸ್ ಪುಸ್ತಕ ಮಾಡಿಸಿಕೊಂಡರೆ ನಮ್ಮ ದೇಶದೊಳಗೆ ಬಿಡ್ತಾರೆ. ರೇಡಿಯೋಗೆ? ಪ್ರತ್ಯೇಕ ಅರ್ಜಿ, ಪರಸ್ಪರ ಒಪ್ಪಂದ ಇದೆಯಾ ಅನ್ನೋ ಪರಿಶೀಲನೆ, ಉತ್ತರಕ್ಕೆ ಕಾಯೋದು. "ರೇಡಿಯೋ ಮನೇಲೇ ಬಿಟ್ಟು ಬರ್ತೀವಿ" ಅಂದರು ಆ ಹೆಂಗಸು. ಲೈಸೆನ್ಸ್ ಇರೋದು ಆಕೆಗೆ, ಗಂಡ ಬರೀ ಡ್ರೈವರು :-)

ಅಡ್ಡದಾರಿ ಹೇಳಿಕೊಡೋರೂ ಇದ್ದಾರೆ. ಅಮೆರಿಕದ ಪರೀಕ್ಷೆ ಪಾಸು ಮಾಡಿ, ಅದು ಯಾವ ದೇಶದವರಿಗೂ ಕೊಡ್ತಾರೆ, ಅದನ್ನೇ ಯುರೋಪಿನಲ್ಲಿ ತೋರಿಸಿ ಅಂತ. ನಂಬಬೇಡಿ. ಅಮೆರಿಕದ ಲೈಸೆನ್ಸಿನ ಮೇಲೆ ಸಿಇಪಿಟಿ ಸೌಲಭ್ಯ ಇರೋದು ಅಮೆರಿಕದ ನಾಗರಿಕರಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಅದು ನಡೆಯಲ್ಲ. ಕೆಲವು ದೇಶಗಳಲ್ಲಿ ಮುಂಚಿತವಾಗಿ ಅರ್ಜಿ ಹಾಕಿ ತಾತ್ಕಾಲಿಕ ಅನುಮತಿ ತಗೋಬಹುದು, ಒಂದೇ ದೇಶಕ್ಕೆ ಬಂದು ಕೂರೋರಿಗೆ ಅದು ಸರಿ. ದಿನಕ್ಕೆ ನಾಲ್ಕು ಗಡಿ ದಾಟೋ ವ್ಯಾನಿನವರು ನಾಲ್ಕು ಕಚೇರಿಗೆ ಅರ್ಜಿ ಹಾಕಿಕೊಂಡು ಕೂತರೆ ರಜ ಮುಗಿದಿರುತ್ತೆ. ನಾನು ಜರ್ಮನ್ ಭಾಷೆ ಕಲಿತು ಇಲ್ಲೇ ಪರೀಕ್ಷೆ ಬರೆದೆ, ಇಲ್ಲೇ ಇರೋನಿಗೆ ಅದು ಸಾಧ್ಯವಾಯ್ತು. ಎರಡು ವಾರಕ್ಕೆ ಬರೋ 71 ವರ್ಷದವರಿಗೆ ಹಾಗೆ ಹೇಳೋಕಾಗುತ್ತಾ?

ವಾಟ್ಸಾಪ್ ಕಾಲ್ ಮಾಡಿದ್ದರೆ ಆಗ್ತಿತ್ತಲ್ಲ, ಇಷ್ಟಕ್ಕೆಲ್ಲ ಇಷ್ಟು ಉದ್ದ ಬರೀಬೇಕಾ ಅನ್ನೋರು ಈ ಪ್ಯಾರಾವರೆಗೆ ಓದಿರಲ್ಲ ಬಿಡಿ. ನಮ್ಮಲ್ಲಿ ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆದು ಈ ಲೈಸೆನ್ಸ್ ತಗೋಬಹುದು. ಬೆಂಗಳೂರಿನಲ್ಲಿ ಹೇಳಿಕೊಡೋ ಸಂಸ್ಥೆ ಇದೆ, ಕ್ಲಬ್ ಇದೆ, ಮಕ್ಕಳು ಬರ್ತಾರೆ. ಅಷ್ಟು ಓದಿ, ಪೊಲೀಸ್ ವಿಚಾರಣೆಯನ್ನೂ ಮುಗಿಸಿಕೊಂಡು, ಕೈಗೆ ಬರೋ ಕಾಗದ ವಿಮಾನ ಹತ್ತಿ ಇಳಿದ ಕೂಡಲೇ ಬರೀ ಕಾಗದ ಆಗಬಾರದು. ಇದಕ್ಕೆ ಸರ್ಕಾರದ ಖಜಾನೆಯಿಂದ ಹೇಳಿಕೊಳ್ಳೋವಷ್ಟು ದುಡ್ಡೂ ಹೋಗಲ್ಲ.

ಮಾವ ಊರಿಗೆ ಹೋದ ಮೇಲೆ ದೆಹಲಿಗೆ ಒಂದು ಪತ್ರ ಬರೆದಿದ್ದಾರೆ, ಎರಡು ಪುಟ. ಒಪ್ಪಂದದ ಹೆಸರು, ಸೇರಿರೋ ಹೊರದೇಶಗಳ ಪಟ್ಟಿ, ನಮ್ಮ ಪರೀಕ್ಷೆಯ ಪಠ್ಯಕ್ಕೂ ಅವರ ಪಠ್ಯಕ್ಕೂ ಹೋಲಿಕೆ, ಎಲ್ಲ ಇದೆ. ಗೊತ್ತಿರೋ ವಿಯು ಗೆಳೆಯರಿಗೆಲ್ಲ ನಕಲು ಕೊಟ್ಟು ನೀವೂ ಬರೀರಿ ಅಂದಿದ್ದಾರೆ. ನನ್ನ ಹತ್ತಿರಾನೂ ಒಂದು ಪ್ರತಿ ಇದೆ. ಲೈಸೆನ್ಸ್ ಇರೋ ಯಾರಿಗಾದರೂ ಬೇಕಿದ್ದರೆ ಒಂದು ಮಾತು ಹೇಳಿ, ಕಳಿಸ್ತೀನಿ. ಹೆಸರು, ಕಾಲ್ ಸೈನ್ ಬದಲಾಯಿಸಿಕೊಂಡರೆ ಸಾಕು. ವ್ಯಾನಿನ ಗೇರ್ ಬಾಕ್ಸು ಬಿಚ್ಚಿದ ಕಥೆ ಇನ್ನೊಂದು ಸಲ.